ತಮ್ಮನ ಮೆದುಳು ಕುಗ್ಗಿದೆಯಂತೆ, ಅದಕ್ಕೇ ಇಷ್ಟು ದುಡುಕುತ್ತಾನೆಯೇ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯವರು, ಅಡಿಕೆ ಕೃಷಿಕರು. ತಮ್ಮನಿಗೆ ಈಗ 27 ವರ್ಷ. ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಯಾರೋ ತನ್ನ ಬಗ್ಗೆ ಮಾತಾಡಿಕೊಳ್ಳುವುದು ಕೇಳಿಸುತ್ತದೆ ಎನ್ನತೊಡಗಿದ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಎಂದರು. ರಿಸ್ಪೆರಿಡೋನ್ ಮಾತ್ರೆಯಲ್ಲಿ ಕೆಲವು ವರ್ಷ ಪರವಾಗಿಲ್ಲ ಎನ್ನುವಂತಿದ್ದ. ತೂಕ ಏರಿತು, ಹಗಲೆಲ್ಲ ನಿದ್ದೆ ಎಂದು ಕಳೆದ ವರ್ಷ ಅರಿಪಿಪ್ರಜೋಲ್‌ಗೆ ಬದಲಾಯಿಸಿದರು. ಐದಾರು ತಿಂಗಳಿಂದ ಅವನು ಬೇರೆಯೇ ಮನುಷ್ಯ. ಬದಿಯಡ್ಕ ಪೇಟೆಗೆ ಹೋದರೆ ಲಾಟರಿ ಟಿಕೆಟನ್ನು ಕಟ್ಟುಗಟ್ಟಲೆ ತರುತ್ತಾನೆ. ಅಡಿಕೆ ಮಾರಿದ ಹಣದಲ್ಲೂ ಒಂದಷ್ಟು ಹೋಯಿತು. ರಾತ್ರಿ ಜಗಲಿಯಲ್ಲಿ ಅತ್ತಿತ್ತ ನಡೆಯುತ್ತಲೇ ಇರುತ್ತಾನೆ. ಬೀಡಿ ಜಾಸ್ತಿಯಾಗಿದೆ. ಹಿಂದಿನ ವಾರ ಅಪ್ಪ ಟಿಕೆಟಿನ ವಿಷಯ ಎತ್ತಿದಾಗ ತಳ್ಳಿಬಿಟ್ಟ; ಅಪ್ಪ ಮೆಟ್ಟಿಲಿಂದ ಜಾರಿ ಕೈ ಉಳುಕಿಸಿಕೊಂಡರು. ಅರ್ಧ ಗಂಟೆ ಬಿಟ್ಟು ಅವನೇ ಅಪ್ಪನ ಪಕ್ಕ ಕುಳಿತು ಅತ್ತ. ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದೆವು. ಮೈಲ್ಡ್ ಫ್ರಂಟಲ್ ಅಟ್ರೋಫಿ (ಮೆದುಳಿನ ಮುಂಭಾಗ ತುಸು ಕುಗ್ಗಿದೆ), ವೆಂಟ್ರಿಕಲ್‌ಗಳು ತುಸು ಹಿಗ್ಗಿವೆ ಎಂದು ಬಂದಿದೆ. ಮೆದುಳೇ ಸವೆದ ಮೇಲೆ ಮಾತ್ರೆ ಯಾಕೆ ಎಂದು ಮಾವ ಕೇಳುತ್ತಾರೆ. ಮಾತ್ರೆಯಿಂದಲೇ ಸವೆದದ್ದು ಎನ್ನುತ್ತಾರೆ ಚಿಕ್ಕಪ್ಪ. ಎಂಡೋಸಲ್ಫಾನ್ ಕೀಟನಾಶಕದಿಂದ ಎನ್ನುವವರಿದ್ದಾರೆ, ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸಿ ಎನ್ನುವವರಿದ್ದಾರೆ, ಮದುವೆ ಮಾಡಿ ಎನ್ನುವವರೂ ಇದ್ದಾರೆ. ಸಿಟ್ಟು ಬಂದಾಗ ಕೋಣೆಯಲ್ಲಿ ಕೂಡಿಹಾಕಿ ಎಂಬ ಸಲಹೆಯೂ ಬಂದಿದೆ. ಅವನ ದುಡುಕಿಗೆ ಮೆದುಳಿನ ಈ ಬದಲಾವಣೆಯೇ ಕಾರಣವೇ? ಇನ್ನು ಹೀಗೇ ಇರುತ್ತಾನೆಯೇ? ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಬೇಕೇ?

ಉತ್ತರ: ಎಂಆರ್‌ಐ ರಿಪೋರ್ಟಿನ ಚಿಂತೆ ನಿಮ್ಮ ಪತ್ರದ ತುಂಬ ಇದೆ, ಮಾತ್ರೆ ಬದಲಾದದ್ದು ಒಂದೇ ಸಾಲಿನಲ್ಲಿ ಮುಗಿದಿದೆ. ನೀವು ನನ್ನ ಎದುರು ಕುಳಿತಿದ್ದರೆ ಫಿಲ್ಮನ್ನು ಬದಿಗಿಟ್ಟು ಮೊದಲು ಆ ಒಂದು ಸಾಲಿನ ಬಗ್ಗೆಯೇ ಕೇಳುತ್ತಿದ್ದೆ. ಆದರೆ ರಿಪೋರ್ಟಿನ ಹೆದರಿಕೆ ತಲೆಯಲ್ಲಿ ಇರುವಷ್ಟು ಹೊತ್ತು ಬೇರೆ ಮಾತು ಕಿವಿಗೆ ಇಳಿಯುವುದಿಲ್ಲ ಎಂದು ಗೊತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಸ್ಕಿಜೋಫ್ರೇನಿಯಾ ಇರುವವರ ಮೆದುಳಿನ ರಚನೆಯಲ್ಲಿ ವ್ಯತ್ಯಾಸ ಕಾಣುತ್ತದೆ ಎಂಬುದು ನಿಜ. 1976ರಲ್ಲಿ ಇಂಗ್ಲೆಂಡಿನಲ್ಲಿ ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು, ಆಗಷ್ಟೇ ಬಳಕೆಗೆ ಬಂದಿದ್ದ ಸಿಟಿ ಸ್ಕ್ಯಾನ್ ಮೂಲಕ, ಬಹುಕಾಲದ ರೋಗಿಗಳ ಮೆದುಳಿನ ನಡುವೆ ದ್ರವ ತುಂಬಿರುವ ಪೊಳ್ಳುಗಳು ಹಿಗ್ಗಿರುವುದನ್ನು ತೋರಿಸಿದರು. ರಿಪೋರ್ಟಿನಲ್ಲಿ ವೆಂಟ್ರಿಕಲ್ ಎಂದಿರುವುದು ಇದನ್ನೇ. ನಂತರ ಎನಿಗ್ಮಾ ಎಂಬ ಅಂತಾರಾಷ್ಟ್ರೀಯ ಸಂಶೋಧಕರ ಕೂಟ ಹಲವು ದೇಶಗಳ ಎಂಆರ್‌ಐಗಳನ್ನು ಒಟ್ಟು ಸೇರಿಸಿ ನೋಡಿತು. 2016ರಲ್ಲಿ ಅವರು ಕಂಡದ್ದು ಹಿಪೊಕ್ಯಾಂಪಸ್, ಅಮಿಗ್ಡಲಾ, ಥಲಾಮಸ್ ಮುಂತಾದ ಒಳಭಾಗಗಳು ಸರಾಸರಿ ಸ್ವಲ್ಪ ಚಿಕ್ಕದಾಗಿರುವುದನ್ನು. 2018ರಲ್ಲಿ 4,474 ರೋಗಿಗಳನ್ನೂ 5,098 ಆರೋಗ್ಯವಂತರನ್ನೂ ಹೋಲಿಸಿದಾಗ ಮೆದುಳಿನ ಹೊರಪದರವಾದ ಕಾರ್ಟೆಕ್ಸ್ ರೋಗಿಗಳಲ್ಲಿ ಸರಾಸರಿ ತೆಳುವಾಗಿತ್ತು; ಹಣೆಯ ಹಿಂದಿನ ಫ್ರಂಟಲ್ ಮತ್ತು ಕಿವಿಯ ಮಗ್ಗುಲಿನ ಟೆಂಪೊರಲ್ ಭಾಗಗಳಲ್ಲಿ ಈ ವ್ಯತ್ಯಾಸ ಹೆಚ್ಚು.

ಇಲ್ಲಿ ‘ಸರಾಸರಿ’ ಎಂದದ್ದನ್ನು ದಯವಿಟ್ಟು ಗಮನಿಸಿ. ನೀವು ತೋಟದವರು, ಬೇಗ ಅರ್ಥವಾಗುತ್ತದೆ. ಒಂದೇ ವರ್ಷ ಸಸಿ ನೆಟ್ಟ ಎರಡು ತೋಟಗಳಿವೆ, ಒಂದಕ್ಕೆ ಬೇಸಗೆಯಲ್ಲಿ ನೀರು ಕಡಿಮೆ ಬಿದ್ದಿದೆ. ಎಲ್ಲ ಮರ ಅಳೆದರೆ ಒಂದು ತೋಟದ ಮರಗಳು ಸರಾಸರಿ ಒಂದು ಗೇಣು ಗಿಡ್ಡ ಎಂದು ಸಿಗುತ್ತದೆ. ಆದರೆ ಕಡಿದು ತಂದ ಒಂದೇ ಮರವನ್ನು ಅಂಗಳದಲ್ಲಿ ಮಲಗಿಸಿ ಇದು ಯಾವ ತೋಟದ್ದು ಎಂದು ಕೇಳಿದರೆ ಯಾರೂ ಹೇಳಲಾರರು. ಸ್ಕ್ಯಾನಿನ ಪರಿಸ್ಥಿತಿಯೂ ಅಷ್ಟೇ. ಸಾವಿರಾರು ಜನರಲ್ಲಿ ಕಾಣುವ ವ್ಯತ್ಯಾಸವನ್ನು ಒಬ್ಬರ ಫಿಲ್ಮಿನಲ್ಲಿ ಹುಡುಕಿ, ರೋಗ ಇದೆ, ಇಲ್ಲ, ಹೆಚ್ಚಿದೆ, ಕಡಿಮೆಯಾಗಿದೆ ಎಂದು ಹೇಳುವ ವಿಧಾನ ಚಿಕಿತ್ಸಾಲಯದಲ್ಲಿ ಇಂದಿಗೂ ಬಳಕೆಯಲ್ಲಿಲ್ಲ. ಸ್ಕಿಜೋಫ್ರೇನಿಯಾ ಇದ್ದೂ ಎಂಆರ್‌ಐ ಪೂರ್ತಿ ನಾರ್ಮಲ್ ಬರುವವರು ಧಾರಾಳವಾಗಿದ್ದಾರೆ. ಮತ್ತೆ, ನಿಮ್ಮ ರಿಪೋರ್ಟಿನ ‘ಮೈಲ್ಡ್’ ಯಾವುದೇ ಅಳತೆಯಿಂದ ಬಂದದ್ದಲ್ಲ. ಸಾಮಾನ್ಯವಾಗಿ ರೇಡಿಯಾಲಜಿಸ್ಟ್ ಕಣ್ಣಂದಾಜಿನಲ್ಲಿ ಬರೆಯುವ ಮಾತು. ಕುಡಿತ, ದೇಹದಲ್ಲಿ ನೀರಿನಂಶ ಕಡಿಮೆಯಾಗುವುದು, ತೂಕ ತೀರ ಇಳಿಯುವುದು, ಸ್ಟೆರಾಯ್ಡ್ ಔಷಧ ಇವೆಲ್ಲವೂ ಮೆದುಳು ತುಸು ಕುಗ್ಗಿದಂತೆ ಕಾಣಿಸಬಲ್ಲವು.

ಹಾಗಾದರೆ ಎಂಆರ್‌ಐ ಯಾಕೆ ಮಾಡಿಸಿದರು? ಗಡ್ಡೆ, ಉರಿಯೂತ, ಹಳೆಯ ಪೆಟ್ಟು, ಅಪಸ್ಮಾರಕ್ಕೆ ಕಾರಣವಾಗುವ ಕಲೆ ಇಂಥವು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ನಡತೆ ದಿಢೀರನೆ ಬದಲಾದಾಗ ಅದು ಸರಿಯಾದ ಕ್ರಮ. ಅವೇನೂ ಇಲ್ಲ ಎಂಬುದೇ ಆ ಹಾಳೆಯಲ್ಲಿ ನಿಮಗೆ ಸಿಕ್ಕ ಮುಖ್ಯ ಸುದ್ದಿ. ಅದನ್ನು ಯಾರೂ ಓದಿ ಹೇಳಿದಂತಿಲ್ಲ.

ನಿಮ್ಮ ಮಾವ ‘ಸವೆತ’ ಎಂದಾಗ ಅವರ ಮನಸ್ಸಿನಲ್ಲಿರುವುದು ಅಲ್ಜೈಮರ್ಸ್ ಬಂದ ಹಿರಿಯರ ಚಿತ್ರ ಇರಬೇಕು. ಇದು ಹಾಗಲ್ಲ. ಅಲ್ಜೈಮರ್ಸ್‌ನಲ್ಲಿ ನರಕೋಶಗಳು ಸಾಲುಸಾಲಾಗಿ ಸಾಯುತ್ತವೆ. ಸ್ಕಿಜೋಫ್ರೇನಿಯಾದಲ್ಲಿ ಮರಣಾನಂತರ ಮೆದುಳನ್ನು ಪರೀಕ್ಷಿಸಿದವರು ಹೆಚ್ಚಾಗಿ ಕಂಡದ್ದು ಬೇರೆ: ಕೋಶಗಳು ಬಹುಪಾಲು ಉಳಿದಿವೆ, ಒಂದು ಕೋಶ ಇನ್ನೊಂದರೊಡನೆ ಸೇರುವ ಸೂಕ್ಷ್ಮ ಕವಲುಗಳು ಕಡಿಮೆ. ಈ ವ್ಯತ್ಯಾಸದ ಒಂದು ಪಾಲು ಮೊದಲ ಸಲ ರೋಗ ಕಾಣಿಸಿಕೊಳ್ಳುವ ಹೊತ್ತಿಗೇ ಇರುತ್ತದೆ. ಅಂದರೆ ನಿಮ್ಮ ತಮ್ಮ ರಿಸ್ಪೆರಿಡೋನ್ ತೆಗೆದುಕೊಂಡು ಚೆನ್ನಾಗಿದ್ದ ವರ್ಷಗಳಲ್ಲಿ ಸ್ಕ್ಯಾನ್ ಮಾಡಿಸಿದ್ದರೂ ಇದೇ ಸಾಲು ಬಂದಿರಬಹುದಿತ್ತು.

ಚಿಕ್ಕಪ್ಪನ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅಮೆರಿಕದ ಅಯೋವಾದಲ್ಲಿ 211 ರೋಗಿಗಳನ್ನು ವರ್ಷಗಟ್ಟಲೆ ಅನುಸರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತ್ರೆಯ ಪ್ರಮಾಣ ಹೆಚ್ಚಿದ್ದವರಲ್ಲಿ ಮೆದುಳಿನ ಗಾತ್ರದ ಇಳಿಕೆಯೂ ತುಸು ಹೆಚ್ಚಿತ್ತು. ಅದೇ ತಂಡ ಎರಡು ವರ್ಷದ ನಂತರ, ರೋಗ ಮರುಕಳಿಸಿ ಹೆಚ್ಚು ಕಾಲ ಉಳಿದವರಲ್ಲೂ ಇಳಿಕೆ ಹೆಚ್ಚು ಎಂದು ತೋರಿಸಿತು. ಎರಡನ್ನೂ ಒಟ್ಟಿಗೆ ಓದಬೇಕು. ಇದರಿಂದ ನಮಗೆ, ವೈದ್ಯರಿಗೆ, ಸಿಗುವ ಪಾಠ ಅಗತ್ಯಕ್ಕಿಂತ ಒಂದು ಗುಳಿಗೆಯೂ ಹೆಚ್ಚು ಬರೆಯಬಾರದು ಎಂಬುದು. ಮಾತ್ರೆಯನ್ನೇ ಬಿಡಿಸಿ ಎಂಬುದು ಅದರಿಂದ ಹೊರಡುವುದಿಲ್ಲ. ಫಿನ್ಲೆಂಡಿನಲ್ಲಿ 62 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಇಪ್ಪತ್ತು ವರ್ಷದ ಮಟ್ಟಿಗೆ ನೋಡಿದಾಗ, ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಸಾವಿನ ಪ್ರಮಾಣ ಔಷಧ ಬಿಟ್ಟ ಅವಧಿಗಿಂತ ಕಡಿಮೆಯಿತ್ತು.

ಈಗ ದುಡುಕು. ಕಣ್ಣಿನ ಗೂಡುಗಳ ಮೇಲಿರುವ ಆರ್ಬಿಟೊಫ್ರಂಟಲ್ ಭಾಗ ‘ಇದನ್ನು ಮಾಡಿದರೆ ಮುಂದೆ ಏನಾದೀತು’ ಎಂದು ತೂಗುವ ಕೆಲಸದಲ್ಲಿ ಪಾಲ್ಗೊಳ್ಳುತ್ತದೆ. ಬಲಗಡೆಯ ಫ್ರಂಟಲ್‌ನ ಕೆಳಮಡಿಕೆ, ಹೊರಟ ಕೈಯನ್ನು ನಡುವೆ ನಿಲ್ಲಿಸುವುದಕ್ಕೆ ಬೇಕು. ಅಮಿಗ್ಡಲಾ ಅಪಾಯದ ಸೂಚನೆ ಎಬ್ಬಿಸುತ್ತದೆ, ಒಳಗಿನ ಸ್ಟ್ರಯೇಟಮ್ ಆಸೆಗೆ ಡೋಪಮಿನ್ ಎಂಬ ರಾಸಾಯನಿಕದ ಮೂಲಕ ಬಲ ಕೊಡುತ್ತದೆ. ಇವುಗಳ ನಡುವಿನ ಸಂಪರ್ಕ ಸಡಿಲವಾದಾಗ ತಡೆ ತಡವಾಗುತ್ತದೆ. ಇದನ್ನು ಅಳೆಯುವ ಪರೀಕ್ಷೆ ಬಹಳ ಸರಳ. ಕಂಪ್ಯೂಟರ್ ಪರದೆಯ ಮೇಲೆ ಒಂದರ ಹಿಂದೆ ಒಂದು ಅಕ್ಷರ ಬರುತ್ತದೆ. ಪ್ರತಿಯೊಂದಕ್ಕೂ ಬಟನ್ ಒತ್ತಬೇಕು, ಒಂದು ಅಕ್ಷರ ಬಂದರೆ ಮಾತ್ರ ಒತ್ತಬಾರದು. ಬೆರಳು ಒತ್ತುವ ಅಭ್ಯಾಸಕ್ಕೆ ಬಿದ್ದ ಮೇಲೆ ಆ ನಿಷಿದ್ಧ ಅಕ್ಷರ ಫಕ್ಕನೆ ಬರುತ್ತದೆ. ಎಲ್ಲರೂ ತಪ್ಪುತ್ತಾರೆ, ಸ್ಕಿಜೋಫ್ರೇನಿಯಾ ಇರುವವರು ಸರಾಸರಿ ಸ್ವಲ್ಪ ಹೆಚ್ಚು ತಪ್ಪುತ್ತಾರೆ, ನಿಲ್ಲಿಸಲು ತುಸು ಹೆಚ್ಚು ಸಮಯ ಬೇಕಾಗುತ್ತದೆ.

ಆದರೆ ಬಟನ್ ಒತ್ತದಿರುವುದು ಬೇರೆ, ಅಪ್ಪನನ್ನು ತಳ್ಳದಿರುವುದು ಬೇರೆ. ದುಡುಕಿನಲ್ಲಿ ಬಗೆಗಳಿವೆ: ಕೈ ನಿಲ್ಲದಿರುವುದು, ಕಾಯಲಾಗದಿರುವುದು, ಮನಸ್ಸು ಕಲಕಿದಾಗ ಮಾತ್ರ ಹಿಂದುಮುಂದು ನೋಡದೆ ನುಗ್ಗುವುದು. ಮೂರನೆಯದು ಮನೆಗಳಲ್ಲಿ ಅತಿ ಹೆಚ್ಚು ನೋವುಂಟುಮಾಡುತ್ತದೆ. ಮೆದುಳಿನ ಯಾವ ಭಾಗ ಕುಗ್ಗಿದರೆ ಯಾವ ದುಡುಕು ಎಂದು ಜೋಡಿಸಲು ಹೊರಟ ಅಧ್ಯಯನಗಳು ಹೆಚ್ಚಿನವು ಸಣ್ಣವು, ಫಲಿತಾಂಶಗಳೂ ಒಂದಕ್ಕೊಂದು ಹೊಂದುವುದಿಲ್ಲ. ಆರ್ಬಿಟೊಫ್ರಂಟಲ್ ಭಾಗ ಚಿಕ್ಕದಿದ್ದವರಲ್ಲಿ ಆಕ್ರಮಣಶೀಲತೆ ಹೆಚ್ಚು ಎಂದು ಕೆಲವರು ಕಂಡರೆ, ದೊಡ್ಡದಿದ್ದವರಲ್ಲೇ ಹೆಚ್ಚು ಎಂದು ಕಂಡವರೂ ಇದ್ದಾರೆ. ಪರಿಸ್ಥಿತಿ ಹೀಗಿರುವಾಗ ನಿಮ್ಮ ತಮ್ಮನ ಎಂಆರ್‌ಐ ಹಿಡಿದು ‘ನೋಡಿ, ತಳ್ಳಿದ್ದು ಇದರಿಂದ’ ಎಂದು ತೋರಿಸುವ ಧೈರ್ಯ ನನಗಿಲ್ಲ. ಬೇರೆ ಯಾರಾದರೂ ತೋರಿಸಿದರೆ ಸಂಶಯಪಡಿ.

ನನ್ನ ಕೆಲಸದಲ್ಲಿ ಉಪಯೋಗಕ್ಕೆ ಬಂದದ್ದು ದುಡುಕಿದ ಕ್ಷಣಕ್ಕೆ ಸ್ವಲ್ಪ ಮೊದಲು ಏನಿತ್ತು, ಇದೆಲ್ಲ ಶುರುವಾಗುವ ಮೊದಲು ಏನು ಬದಲಾಗಿತ್ತು ಎಂದು ಕೆದಕುವುದು. ನಿಮ್ಮ ಪತ್ರದಲ್ಲಿ ಅದಕ್ಕೆ ಉತ್ತರ ಇದ್ದಂತಿದೆ.

ಅರಿಪಿಪ್ರಜೋಲ್ ಒಳ್ಳೆಯ ಔಷಧ. ತೂಕ, ಸಕ್ಕರೆ, ಮಂಪರು ಇವುಗಳ ಮಟ್ಟಿಗೆ ಅದು ಬಹಳ ಮಂದಿಗೆ ಅನುಕೂಲವಾಗಿದೆ. ನಿಮ್ಮ ವೈದ್ಯರು ಬದಲಾಯಿಸಿದ್ದರಲ್ಲಿ ತಪ್ಪೇನೂ ಇಲ್ಲ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಹೆಚ್ಚಿನ ಮಾತ್ರೆಗಳು ಡೋಪಮಿನ್ನನ್ನು ತಡೆಯುತ್ತವೆ. ಇದು ಒಂದಿಷ್ಟು ತಡೆದು ಒಂದಿಷ್ಟು ಕೆಣಕುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಆ ಕೆಣಕು ಆಸೆಯ ದಾರಿಯಲ್ಲೇ ಹೊರಟು, ತಡೆಯಲಾಗದ ಜೂಜು, ಖರೀದಿ, ತಿನ್ನುವ ಚಪಲ, ಲೈಂಗಿಕ ಬಯಕೆಯಾಗಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2016ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಪ್ರಮಾಣ ಇಳಿಸಿದಾಗ ಅಥವಾ ಔಷಧ ನಿಲ್ಲಿಸಿದಾಗ ಚಪಲ ಇಳಿಯುವುದೇ ಹೆಚ್ಚು. ಪಾರ್ಕಿನ್ಸನ್ಸ್ ಕಾಯಿಲೆಗೆ ಕೊಡುವ ಕೆಲವು ಡೋಪಮಿನ್ ಔಷಧಗಳಲ್ಲೂ ಇದೇ ಕಥೆ. ಜೀವಮಾನದಲ್ಲಿ ಇಸ್ಪೀಟು ಮುಟ್ಟದ ಅಜ್ಜಂದಿರು ಜೂಜಿಗೆ ಬಿದ್ದ ಉದಾಹರಣೆಗಳಿವೆ.

ಮತ್ತೆ ನಿಮ್ಮ ಊರಿನ ಸ್ಥಿತಿ ನೋಡಿ. ಗಡಿಯಾಚೆ ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿತು. ಈಚೆ ಕೇರಳದಲ್ಲಿ 1967ರಿಂದ ಸರಕಾರವೇ ಅದನ್ನು ನಡೆಸುತ್ತಿದೆ, ದಿನವೂ ಡ್ರಾ, ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಹಿಡಿದವರು ಬಸ್ಸಿನ ಕಿಟಕಿಗೇ ಬರುತ್ತಾರೆ. ಚಪಲ ಇರುವವನಿಗೆ ಇದಕ್ಕಿಂತ ಸುಲಭದ ಜೂಜು ಬೇಡ.

ಆದರೂ ಮಾತ್ರೆಯದೇ ತಪ್ಪೆಂದು ನಿರ್ಧರಿಸುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು, ಅದನ್ನು ನೀವೇ ಕೇಳಬಹುದು. ಸಿಟ್ಟಿಲ್ಲದ ಹೊತ್ತಿನಲ್ಲಿ, ‘ಈ ನಂಬರೇ ಯಾಕೆ ತೆಗೆದೆ?’ ಎಂದು ಕೇಳಿ. ‘ಟಿವಿಯಲ್ಲಿ ನನಗೇ ಹೇಳಿದರು’, ‘ಬಸ್ಸಿನ ನಂಬರಿನಲ್ಲಿ ಸೂಚನೆ ಇತ್ತು’ ಎಂಬಂಥ ಉತ್ತರ ಬಂದರೆ ರೋಗ ಮತ್ತೆ ತಲೆಯೆತ್ತಿದೆ, ಈಗಿನ ಔಷಧ ಸಾಲುತ್ತಿಲ್ಲ ಎಂದು ಅರ್ಥ. ‘ಗೊತ್ತಿಲ್ಲ, ಕಂಡರೆ ತೆಗೆಯದೆ ಇರಲಾಗುವುದಿಲ್ಲ, ಆಮೇಲೆ ಬೇಜಾರಾಗುತ್ತದೆ’ ಎಂದರೆ ಔಷಧದ ಚಪಲದ ಸಾಧ್ಯತೆ ಹೆಚ್ಚು. ಎರಡಕ್ಕೂ ಚಿಕಿತ್ಸೆ ವಿರುದ್ಧ ದಿಕ್ಕಿನದು.

ರಾತ್ರಿಯ ನಡೆದಾಟ ನನಗೆ ಇನ್ನೂ ಮುಖ್ಯ. ಅಕಥೀಸಿಯಾ ಎಂಬ ಅಡ್ಡಪರಿಣಾಮವಿದೆ: ಒಳಗಿಂದ ಏಳುವ, ಕೂರಲೂ ನಿಲ್ಲಲೂ ಬಿಡದ ಚಡಪಡಿಕೆ. ಅರಿಪಿಪ್ರಜೋಲ್‌ನಲ್ಲೂ ಇದು ಸಾಮಾನ್ಯ, ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳಲ್ಲಿ ಇನ್ನೂ ಹೆಚ್ಚು. ಇಂಥವರನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿಸುವಾಗ ನಾನು ಮುಖಕ್ಕಿಂತ ಪಾದ ನೋಡುತ್ತೇನೆ. ಹಿಮ್ಮಡಿ ನೆಲಕ್ಕೆ ತಟ್ಟುತ್ತಿರುತ್ತದೆ, ತೊಡೆ ಬಿಚ್ಚಿ ಮುಚ್ಚಿ ಮಾಡುತ್ತಾರೆ. ಎದ್ದು ನಿಲ್ಲಿಸಿದರೆ ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತದೆ. ‘ಮನಸ್ಸಿಗೆ ನಡೆಯಬೇಕೆನಿಸುತ್ತದೆಯೋ, ಕಾಲಿಗೋ?’ ಎಂದು ಕೇಳಿದರೆ ಹೆಚ್ಚಿನವರು ಕೂಡಲೇ ‘ಕಾಲಿಗೆ’ ಎನ್ನುತ್ತಾರೆ. ಇದು ಅಸಹನೀಯ ಹಿಂಸೆ. ಇದರಲ್ಲಿರುವವನಿಗೆ ಯಾರಾದರೂ ಅಡ್ಡ ನಿಂತು ಲೆಕ್ಕ ಕೇಳಿದರೆ ಕೈ ಮುಂದೆ ಹೋಗುತ್ತದೆ. ಬೀಡಿ ಹೆಚ್ಚಾದದ್ದಕ್ಕೂ ಈ ಚಡಪಡಿಕೆ ಕಾರಣವಿರಬಹುದು. ಇದನ್ನು ರೋಗದ ಉದ್ವೇಗವೆಂದು ತಪ್ಪಾಗಿ ತಿಳಿದು ಅದೇ ಔಷಧದ ಪ್ರಮಾಣ ಏರಿಸಿದರೆ ಚಡಪಡಿಕೆ ಏರುತ್ತದೆ, ದುಡುಕೂ ಏರುತ್ತದೆ. ಆತ್ಮಹತ್ಯೆಯ ಯೋಚನೆಯೂ ಬರಬಹುದು. ಹಾಗಾಗಿ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಈ ವಾರವೇ ವೈದ್ಯರಿಗೆ ತಿಳಿಸಿ.

ಅರ್ಧ ಗಂಟೆಯಲ್ಲಿ ಅವನೇ ಬಂದು ಅತ್ತದ್ದನ್ನು ನೀವು ಬರೆದದ್ದು ಒಳ್ಳೆಯದಾಯಿತು. ತೂಗಿ ನೋಡುವ ಶಕ್ತಿ ಅವನಲ್ಲಿ ಇದೆ. ಕಲಕಿದ ಗಳಿಗೆಯಲ್ಲಿ ಅದು ಕೈಕೊಡುತ್ತಿದೆ.

ಬೇರೆ ಕಾರಣಗಳನ್ನೂ ನೋಡಬೇಕು. ಮಾತ್ರೆ ನುಂಗುತ್ತಿದ್ದಾನೆಯೇ ಅಥವಾ ನಾಲಿಗೆಯಡಿ ಇಟ್ಟು ಹಿತ್ತಿಲಿಗೆ ಉಗುಳುತ್ತಿದ್ದಾನೆಯೇ? ‘ಹೊಡೆ’ ಎನ್ನುವ ಧ್ವನಿ ಕೇಳಿಸುತ್ತಿದೆಯೇ? ಬೀಡಿಯೊಳಗೆ ಬರಿ ಹೊಗೆಸೊಪ್ಪೇ ಇದೆಯೇ, ಗಾಂಜಾವೂ ಇದೆಯೇ? ಕೊನೆಯದನ್ನು ಕೇಳಲು ಮನೆಯವರಿಗೆ ಮುಜುಗರ, ಕೇಳದೆ ವೈದ್ಯರಿಗೆ ಗತಿಯಿಲ್ಲ. ಸ್ಕಿಜೋಫ್ರೇನಿಯಾ ಇರುವವರು ಬಹುಪಾಲು ಯಾರ ಮೇಲೂ ಕೈ ಮಾಡುವುದಿಲ್ಲ, ಅವರೇ ಬೇರೆಯವರಿಂದ ಪೆಟ್ಟು ತಿನ್ನುವುದು ಹೆಚ್ಚು. ಹಿಂಸೆಯ ಸಂಭವ ಏರುವುದರಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಪಾಲು ದೊಡ್ಡದು.

ಇನ್ನು ದಾರಿಗಳು. ಯಾವುದನ್ನೂ ನೀವೇ ಮನೆಯಲ್ಲಿ ಪ್ರಯೋಗಿಸಬೇಡಿ, ಅರಿಪಿಪ್ರಜೋಲ್ ದಿಢೀರ್ ನಿಲ್ಲಿಸಲೂ ಬೇಡಿ.

ಮೊದಲನೆಯದು ಪ್ರಮಾಣ ಇಳಿಸಿ ನೋಡುವುದು, ಚಡಪಡಿಕೆಗೆ ಪ್ರೊಪ್ರನೊಲೋಲ್ ಸೇರಿಸುವುದು. ಅಸ್ತಮಾ ಇದ್ದರೆ ಪ್ರೊಪ್ರನೊಲೋಲ್ ಕೊಡುವಂತಿಲ್ಲ, ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಪ್ರಮಾಣ ಇಳಿದಾಗ ಧ್ವನಿಗಳು ಮರಳುವ ಅಪಾಯವಿದೆ, ಆದ್ದರಿಂದ ವಾರ ವಾರ ಕಣ್ಣಿಡಬೇಕು. ಎರಡನೆಯದು ಬೇರೆ ಔಷಧಕ್ಕೆ ನಿಧಾನವಾಗಿ ಬದಲಾಗುವುದು. ರಿಸ್ಪೆರಿಡೋನ್‌ಗೆ ಮರಳಿದರೆ ನಿದ್ದೆ, ತೂಕ, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರಿಕೆ. ಒಲಾಂಜಪಿನ್ ಆದರೆ ತೂಕ ಮತ್ತು ಸಕ್ಕರೆಯ ಕಾಟ ಇನ್ನೂ ಹೆಚ್ಚು. ಮಾತ್ರೆ ತಪ್ಪಿಸುತ್ತಿರುವುದೇ ನಿಜವಾದ ಕಾರಣವಾದರೆ ತಿಂಗಳಿಗೊಮ್ಮೆ ಕೊಡುವ ದೀರ್ಘಾವಧಿ ಇಂಜೆಕ್ಷನ್‌ಗಳಿವೆ. ಅನುಕೂಲ ಏನೆಂದರೆ ದಿನವೂ ‘ಮಾತ್ರೆ ತೆಗೆದುಕೊಂಡೆಯಾ’ ಎಂಬ ಜಗಳ ಮನೆಯಿಂದ ಹೋಗುತ್ತದೆ. ಆದರೆ ಒಮ್ಮೆ ಮೈಗೆ ಹೋದದ್ದನ್ನು ಹಿಂದೆ ತೆಗೆಯಲಾಗುವುದಿಲ್ಲ. ಚಡಪಡಿಕೆ ಇರುವಾಗ ಅದಕ್ಕೆ ಕೈ ಹಾಕಲು ನಾನು ಆತುರಪಡುವುದಿಲ್ಲ.

ಕ್ಲೋಜಪಿನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದರ ಹೆಸರು ಕೇಳಿಯೇ ಹೆದರುವವರಿದ್ದಾರೆ. ಎರಡು ಬೇರೆ ಬೇರೆ ಔಷಧಗಳು, ಸರಿಯಾದ ಪ್ರಮಾಣದಲ್ಲಿ, ಒಂದೊಂದಕ್ಕೂ ಆರೇಳು ವಾರ ಕೊಟ್ಟೂ ಗುಣ ಕಾಣದಿದ್ದರೆ ಮುಂದಿನ ಹೆಜ್ಜೆ ಇದೇ. ಆಕ್ರಮಣಶೀಲತೆಯನ್ನೂ ಆತ್ಮಹತ್ಯೆಯ ಯತ್ನಗಳನ್ನೂ ಇಳಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ರಕ್ತದ ಬಿಳಿಕಣಗಳು ಅಪಾಯಕರವಾಗಿ ಇಳಿಯುವುದು ನೂರರಲ್ಲಿ ಒಬ್ಬರಿಗೂ ಆಗುವುದಿಲ್ಲ. ಆದರೂ ಸಾಮಾನ್ಯವಾಗಿ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ, ನಂತರ ಅಂತರ ಹೆಚ್ಚಿಸಿ ಮುಂದುವರಿಸಬೇಕು. ಜ್ವರ, ಗಂಟಲುನೋವು ಬಂದರೆ ಅದೇ ದಿನ ರಕ್ತ ನೋಡಬೇಕು. ಎಲ್ಲರೂ ಬಿಳಿಕಣದ ಚಿಂತೆ ಮಾಡುತ್ತಾರೆ, ಮಲಬದ್ಧತೆಯನ್ನು ಕಡೆಗಣಿಸುತ್ತಾರೆ. ಅದೂ ಪ್ರಾಣಕ್ಕೆ ಬರುವಷ್ಟು ಗಂಭೀರವಾಗಬಲ್ಲದು. ಬೀಡಿಯ ಲೆಕ್ಕ ಇಲ್ಲಿ ಬರುತ್ತದೆ. ಅರಿಪಿಪ್ರಜೋಲ್‌ಗೆ ಬೀಡಿಯಿಂದ ವ್ಯತ್ಯಾಸವಾಗುವುದಿಲ್ಲ, ಆದರೆ ಹೊಗೆಯಲ್ಲಿರುವ ರಾಸಾಯನಿಕಗಳು ಯಕೃತ್ತನ್ನು ಚುರುಕುಗೊಳಿಸಿ ಕ್ಲೋಜಪಿನ್ ಮತ್ತು ಒಲಾಂಜಪಿನ್ ಮಟ್ಟವನ್ನು ಇಳಿಸುತ್ತವೆ. ಸೇದುವವನು ಆಸ್ಪತ್ರೆ ಸೇರಿ ಅಥವಾ ಹರಕೆ ಹೊತ್ತು ಒಮ್ಮೆಲೇ ಬಿಟ್ಟರೆ ಅದೇ ಪ್ರಮಾಣದ ಮಾತ್ರೆ ಕೆಲವೇ ದಿನಗಳಲ್ಲಿ ಅತಿಯಾಗಿ ಮಂಪರು, ಫಿಟ್ಸ್ ತರಬಹುದು. ಬಿಡುವುದು ಒಳ್ಳೆಯದೇ, ವೈದ್ಯರಿಗೆ ಹೇಳಿ ಬಿಡಬೇಕು.

ಉದ್ವೇಗ ಇಳಿಸುವ ಲೊರಾಜೆಪಾಮ್, ಕ್ಲೊನಾಜೆಪಾಮ್ ಮಾತ್ರೆಗಳು ಕೆಲವು ದಿನದ ಮಟ್ಟಿಗೆ ಸರಿ. ತಿಂಗಳುಗಟ್ಟಲೆ ಆದರೆ ಚಟ ಹಿಡಿಯುತ್ತವೆ, ಕೆಲವರಲ್ಲಿ ಇದ್ದ ತಡೆಯನ್ನೂ ಕಳಚಿ ದುಡುಕು ಹೆಚ್ಚಿಸುತ್ತವೆ. ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್ ಔಷಧವನ್ನು ಸೇರಿಸುವ ರೂಢಿ ನಮ್ಮಲ್ಲಿದೆ, ಪುರಾವೆ ಅಷ್ಟು ಗಟ್ಟಿಯಿಲ್ಲ.

ಮನೆಯೊಳಗಿನ ಕೆಲಸ ಔಷಧದಷ್ಟೇ ಮುಖ್ಯ. ದಿನವೂ ಟೀಕೆ, ಮೂದಲಿಕೆ, ಅತಿಯಾದ ಕಾವಲು ಇರುವ ಮನೆಗಳಲ್ಲಿ ರೋಗ ಮರುಕಳಿಸುವುದು ಹೆಚ್ಚು ಎಂಬುದು ಲಂಡನ್ನಿನಲ್ಲಿ ಶುರುವಾಗಿ ನಮ್ಮ ಚಂಡೀಗಢದವರೆಗೂ ನಡೆದ ಅಧ್ಯಯನಗಳಲ್ಲಿ ಕಂಡಿದೆ. ಅಪ್ಪನಿಗೆ ಹೇಳಿ: ಹಣದ ಲೆಕ್ಕವನ್ನು ಸಂಜೆ, ನಡೆದಾಡುತ್ತಿರುವವನನ್ನು ತಡೆದು ಕೇಳುವುದು ಬೇಡ. ಬೆಳಗ್ಗೆ ಕಾಫಿಯ ಹೊತ್ತಿಗೆ, ಒಬ್ಬರೇ, ಕಡಿಮೆ ಮಾತಿನಲ್ಲಿ ಕೇಳಲಿ. ಹಣದ ವಿಷಯದಲ್ಲಿ ಅವನನ್ನೂ ಕೂರಿಸಿಕೊಂಡೇ ಒಪ್ಪಂದ ಮಾಡಿಕೊಳ್ಳಿ: ವಾರಕ್ಕೆ ಇಷ್ಟು ನಗದು, ಯುಪಿಐಗೆ ದಿನದ ಮಿತಿ ಇಷ್ಟು, ಅಡಿಕೆ ಮಾರಿದ ಹಣ ನೇರ ಅಪ್ಪನ ಖಾತೆಗೆ. ಕದ್ದುಮುಚ್ಚಿ ಪರ್ಸ್ ಖಾಲಿ ಮಾಡಿದರೆ ಸಂಶಯ ಇರುವ ಮನಸ್ಸಿಗೆ ನೀವೇ ಸಾಕ್ಷ್ಯ ಒದಗಿಸಿದ ಹಾಗೆ.

ಸಿಟ್ಟು ಏರಿದ ಹೊತ್ತಿನಲ್ಲಿ ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಮೆಟ್ಟಿಲ ತುದಿಯಲ್ಲಂತೂ ಬೇಡ. ಹೊರಗೆ ಹೋಗಲು ದಾರಿ ಬಿಡಿ, ಒಬ್ಬರೇ ಮಾತಾಡಿ. ಇನ್ನೊಂದು ಮಾತು, ಮನಸ್ಸಿಲ್ಲದಿದ್ದರೂ ಬರೆಯಲೇಬೇಕಾದದ್ದು. ಸ್ಕಿಜೋಫ್ರೇನಿಯಾ ಇರುವ 100 ಜನರಲ್ಲಿ ಸುಮಾರು 5 ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ, ದುಡುಕು ಮತ್ತು ಅಕಥೀಸಿಯಾ ಎರಡೂ ಆ ಅಪಾಯವನ್ನು ಹೆಚ್ಚಿಸುತ್ತವೆ. ತೋಟದ ಮನೆಯಲ್ಲಿ ಮಹಾಳಿಗೆ (ಅಡಿಕೆಯ ಕೊಳೆರೋಗಕ್ಕೆ) ಹೊಡೆಯುವ ಮೈಲುತುತ್ತು, ಕಳೆನಾಶಕ, ಕೀಟನಾಶಕ ಕೊಟ್ಟಿಗೆಯ ಮೂಲೆಯಲ್ಲೇ ಬಿದ್ದಿರುತ್ತವೆ. ಇಂದೇ ಬೀಗ ಹಾಕಿ, ಬೀಗದ ಕೈ ಒಬ್ಬರ ಬಳಿ ಇರಲಿ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ, ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. 14416 ಟೆಲಿ ಮಾನಸ್ ಸಹಾಯವಾಣಿ ಉಚಿತ, ದಿನದ 24 ಗಂಟೆಯೂ ಇರುತ್ತದೆ. ಕನ್ನಡದಲ್ಲಿ ಮಾತಾಡಬೇಕೆಂದು ಮೊದಲೇ ಕೇಳಿ.

ಕೋಣೆಯಲ್ಲಿ ಕೂಡಿಹಾಕುವ ಸಲಹೆಗೆ ನನ್ನ ಉತ್ತರ ಬೇಡ ಎಂದೇ. ಒಳಗಿನ ಚಡಪಡಿಕೆಗೆ ನಡೆಯುವುದೊಂದೇ ಸಮಾಧಾನ ಎನ್ನುವವನನ್ನು ಕೂಡಿಹಾಕಿದರೆ ಏನಾದೀತು ಯೋಚಿಸಿ. ಕಟ್ಟಿಹಾಕುವುದಂತೂ ಸಲ್ಲದು, 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ರೋಗಿಗೆ ಸರಪಳಿ ತೊಡಿಸುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ನಿಜಕ್ಕೂ ಕೈಮೀರಿದರೆ ಅದೇ ಕಾಯ್ದೆಯಲ್ಲಿ ದಾರಿಯಿದೆ: ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು; ಅವನು ಒಪ್ಪದಿದ್ದರೂ, ತನಗೋ ಇತರರಿಗೋ ಹಾನಿ ಮಾಡುವ ಸ್ಥಿತಿಯಲ್ಲಿದ್ದರೆ, ನಾಮನಿರ್ದೇಶಿತ ಪ್ರತಿನಿಧಿಯಾಗಿ ನೀವು ಅರ್ಜಿ ಕೊಟ್ಟು 30 ದಿನದವರೆಗೆ ದಾಖಲಿಸಬಹುದು. ಅವನು ಸಮಾಧಾನದಲ್ಲಿರುವಾಗಲೇ ಆ ಪ್ರತಿನಿಧಿ ಯಾರಾಗಬೇಕೆಂದು ಅವನಿಂದಲೇ ಬರೆಸಿಟ್ಟುಕೊಳ್ಳಿ.

ಎಂಡೋಸಲ್ಫಾನ್ ವಿಷಯವನ್ನು ಎಣ್ಮಕಜೆಯವರು ಎತ್ತಿದರೆ ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಅದನ್ನು ಸುರಿದು 2000ದಲ್ಲಿ ನಿಲ್ಲಿಸಿದರು. ನಿಮ್ಮ ತಮ್ಮ ಹುಟ್ಟಿದ್ದು ಆ ಆಸುಪಾಸಿನಲ್ಲೇ. ಅದು ನರಮಂಡಲಕ್ಕೆ ವಿಷ, ಫಿಟ್ಸ್ ತರಬಲ್ಲದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಬ್ಬ ವ್ಯಕ್ತಿಯ ಸ್ಕಿಜೋಫ್ರೇನಿಯಾ ಅದರಿಂದಲೇ ಬಂತು ಎಂದು ಹೇಳುವ ಆಧಾರ ನಮ್ಮ ಕೈಯಲ್ಲಿಲ್ಲ, ಹೇಳಿದರೂ ಇವತ್ತಿನ ಚಿಕಿತ್ಸೆ ಬದಲಾಗುವುದಿಲ್ಲ. ಪ್ರಶ್ನೆ ಇಡಿಸುವುದು, ದೈವಕ್ಕೆ ಹರಕೆ ಹೇಳುವುದು ಮನೆಯವರ ನಂಬಿಕೆ. ಮಾತ್ರೆ ನಿಲ್ಲದಿದ್ದರೆ, ಉಪವಾಸ ಜಾಗರಣೆ ಮಾಡಿಸದಿದ್ದರೆ ನನ್ನ ತಕರಾರಿಲ್ಲ. ನಿದ್ದೆಗೆಡುವುದು ಈ ರೋಗಕ್ಕೆ ಒಳ್ಳೆಯದಲ್ಲ. ಮದುವೆಯ ಬಗ್ಗೆ ನನಗೆ ತಕರಾರಿದೆ: ರೋಗ ಮುಚ್ಚಿಟ್ಟು ಬೇರೆ ಮನೆಯ ಹುಡುಗಿಯನ್ನು ತಂದು ಅವಳ ಕೈಗೆ ಮಾತ್ರೆ ಡಬ್ಬಿ ಕೊಡುವುದು ಅನ್ಯಾಯ. ಅವನು ವರ್ಷಗಟ್ಟಲೆ ಸ್ಥಿರವಾಗಿದ್ದು, ತಾನೇ ಬಯಸಿ, ಎಲ್ಲವನ್ನೂ ಹೇಳಿ ಆಗುವ ಮದುವೆಯ ಮಾತು ಬೇರೆ.

ಗಡಿನಾಡಿನವರಿಗೆ ಒಂದು ಸೂಚನೆ. ಚಿಕಿತ್ಸೆ ಮಂಗಳೂರಿನಲ್ಲಿ, ಮನೆ ಕೇರಳದಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಇದರ ಕಷ್ಟ ಎಲ್ಲರಿಗೂ ಗೊತ್ತಾಯಿತು. ಕಾಸರಗೋಡು ಅಥವಾ ಕಾಞಂಗಾಡಿನ ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲೂ ಒಂದು ಚೀಟಿ ಮಾಡಿಸಿಡಿ, ಎರಡು ವಾರದ ಔಷಧ ಯಾವಾಗಲೂ ಹೆಚ್ಚಿಗೆ ಇರಲಿ. ಒಂದು ಹಾಳೆಯಲ್ಲಿ ಈವರೆಗೆ ಕೊಟ್ಟ ಔಷಧಗಳ ಹೆಸರು, ಪ್ರಮಾಣ, ಎಷ್ಟು ತಿಂಗಳು, ಯಾಕೆ ಬಿಟ್ಟದ್ದು ಇಷ್ಟನ್ನು ಬರೆದು ಫೈಲಿನ ಮೇಲಿಡಿ. ಮಲಯಾಳದಲ್ಲಿ ಕೇಳುವ ವೈದ್ಯರ ಮುಂದೆ ನಿಮ್ಮ ತಮ್ಮ ತಲೆಯಾಡಿಸಿ ಸುಮ್ಮನಾಗುವವನಾದರೆ, ಅವನು ಕನ್ನಡದಲ್ಲೋ ತುಳುವಿನಲ್ಲೋ ಹೇಳಲಿ, ನೀವು ಪಕ್ಕದಲ್ಲಿ ಕುಳಿತು ಅವನ ಮಾತನ್ನೇ ದಾಟಿಸಿ, ನಿಮ್ಮದನ್ನು ಸೇರಿಸಬೇಡಿ.

‘ಇನ್ನು ಹೀಗೇ ಇರುತ್ತಾನೆಯೇ’ ಎಂದು ಕೇಳಿದ್ದೀರಿ. ಈ ಐದಾರು ತಿಂಗಳ ಬದಲಾವಣೆಯ ಹಿಂದೆ ಔಷಧದ ಚಪಲ ಮತ್ತು ಅಕಥೀಸಿಯಾ ಇದ್ದರೆ, ಚಡಪಡಿಕೆ ಹೆಚ್ಚಾಗಿ ದಿನಗಳಿಂದ ವಾರಗಳಲ್ಲಿ, ಲಾಟರಿಯ ಹುಚ್ಚು ಅದರ ಹಿಂದೆಯೇ ಇಳಿಯಬೇಕು. ಇಳಿಯದಿದ್ದರೆ ರೋಗವೇ ಏರಿದೆ ಎಂದು ತಿಳಿದು ಮುಂದಿನ ಹೆಜ್ಜೆ. ಎರಡಕ್ಕೂ ರಿಪೋರ್ಟಿನ ‘ಮೈಲ್ಡ್ ಅಟ್ರೋಫಿ’ ಅಡ್ಡಿಯಿಲ್ಲ.

ಆರು ತಿಂಗಳಲ್ಲಿ ಮತ್ತೆ ಎಂಆರ್‌ಐ ಬೇಡ. ಆ ಹಣ ರಕ್ತ ಪರೀಕ್ಷೆಗೆ ಇರಲಿ. ಹೊಸದಾಗಿ ಫಿಟ್ಸ್ ಬಂದರೆ, ವಾಂತಿಯೊಡನೆ ತಲೆನೋವು ಏರುತ್ತಾ ಹೋದರೆ, ಒಂದು ಬದಿಯ ಕೈಕಾಲು ಸೋತರೆ, ಮಾತು ತೊದಲಿದರೆ, ಮೂತ್ರದ ಹಿಡಿತ ತಪ್ಪಿದರೆ, ಅಥವಾ ಜ್ವರದೊಡನೆ ಮೈಮೇಲೆ ಪರಿವೆ ಇಲ್ಲದಂತಾದರೆ ಆರು ತಿಂಗಳು ಕಾಯುವ ಮಾತೇ ಇಲ್ಲ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.